ತಟಸ್ಥ

ಇನ್ನೂರ ನಲವತ್ತು ಪ್ರತಿ, ಜೆರಾಕ್ಸಿನ ಬಿಸಿ ಆರುವ ಮೊದಲೇ
ಶಂಕರಘಟ್ಟದ ಹಾಸ್ಟೆಲುಗಳಲ್ಲಿ ಹಂಚಿಬಂದೆ.
ನಲವತ್ತು ಹೇಳಿಕೆ, ಒಂದೊಂದರ ಮುಂದೂ ಐದು ಚೌಕ:
ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ,
ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ.
ಪರಿಸರ ಸಾಕ್ಷರತೆಗೆ ನಾನು ಮಾಡಿದ ಅಳತೆಗೋಲು.
ಹೆಸರು ಬೇಡ, ವಿಭಾಗ ಬರೆದರೆ ಸಾಕು.

ಮಕ್ಕಳು ಒಳ್ಳೆಯವರು.
ಭೂಮಿ ತಾಯಿ ಎಂದರೆ ಸಂಪೂರ್ಣ ಒಪ್ಪಿದರು.
ಪ್ಲಾಸ್ಟಿಕ್ ಬೇಡ ಎಂದರೂ ಸಂಪೂರ್ಣ ಒಪ್ಪಿ
ಹಾಳೆ ಗಾಳಿಗೆ ಹಾರದಂತೆ
ಅರ್ಧ ಕುಡಿದ ಬಾಟಲಿ ಇಟ್ಟಿದ್ದರು ಮೇಲೆ.
ಹದಿಮೂರನೇ ಹೇಳಿಕೆಯ ಸುತ್ತ ಇನ್ನೂ ಇದೆ
ಅದರ ಒದ್ದೆ ಉಂಗುರ.

ಕೊನೆಗೊಂದು ಚೌಕವಿಲ್ಲದ ಪ್ರಶ್ನೆ, ಬರೆಯಲು ಮೂರು ಗೆರೆ:
ನಿಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತದೆ?
ಟ್ಯಾಂಕಿನಿಂದ, ಎಂದವರು ನೂರ ಹನ್ನೊಂದು.
ಬರುವುದೇ ಇಲ್ಲ, ಎಂದರು ಮೂರನೇ ಮಹಡಿಯವರು.
ಭದ್ರಾ ನದಿಯಿಂದ ಎಂದು ಬರೆದವರು ಒಂಬತ್ತು;
ಇಬ್ಬರದು ಒಂದೇ ಕಾಗುಣಿತದ ತಪ್ಪು.
ಒಂಬತ್ತಕ್ಕೂ ಕೆಂಪಲ್ಲಿ ಸರಿ ಹಾಕಿ
ಯಾಕೋ ಅನುಮಾನ ಬಂದು
ಪಂಪ್‌ಹೌಸಿಗೆ ಇಳಿದುಹೋದೆ.

ಆರೋಗ್ಯಸ್ವಾಮಿ ಕೈಯ ಗ್ರೀಸು ಒರೆಸಿಕೊಂಡು ಹೇಳಿದ:
ಭದ್ರಾ ಎಲ್ಲಿ ಬಂತು ಮೇಡಂ, ಬೋರ್‌ವೆಲ್ಲು.
ಮೂರು ಇದ್ವು. ಎರಡು ಹೋದ್ವು.
ಏನು, ಎಲ್ರೂ ಇದನ್ನೇ ಕೇಳ್ತೀರಿ ಈ ವಾರ.

ಮೇಲೆ ಬಂದು ಒಂಬತ್ತು ಸರಿಗಳನ್ನು ಹೊಡೆದುಹಾಕಿದೆ.
ಹತ್ತನೆಯದು, ನನ್ನದು, ಯಾವ ಹಾಳೆಯಲ್ಲೂ ಇರಲಿಲ್ಲ.

ನೂರ ಎಂಬತ್ತೇಳನೇ ಹಾಳೆ.
ನಲವತ್ತಕ್ಕೆ ನಲವತ್ತೂ ತಟಸ್ಥ,
ಹಸಿರು ಜೆಲ್ ಪೆನ್ನಿನಲ್ಲಿ, ಮೇಲಿಂದ ಕೆಳಕ್ಕೆ
ಅಕೇಶಿಯಾ ನೆಡುತೋಪಿನ ಸಾಲಿನ ಹಾಗೆ ನೆಟ್ಟಗೆ.
ಕಿತ್ತುಹಾಕಿ ಅದನ್ನ, ಎಂದರು ಗೈಡು,
ಓದದೆ ಗೀಚಿದ್ದು, ಸರಾಸರಿ ಕೆಡಿಸುತ್ತೆ.

ಹೆಸರು ಬೇಡ ಎಂದವಳೇ ಹುಡುಕಿಕೊಂಡು ಹೋದೆ.
ತಪ್ಪು, ಗೊತ್ತು.
ಕನ್ನಡ ವಿಭಾಗದಲ್ಲಿ ಹಸಿರು ಪೆನ್ನಿನವಳು ಒಬ್ಬಳೇ,
ಭದ್ರಾವತಿ ಬಸ್ಸಿಗೆ ಕಾಯುತ್ತ ನೆಲ್ಲಿಕಾಯಿ ತಿನ್ನುತ್ತಿದ್ದಳು.

ಓದಿಯೇ ಹಾಕಿದ್ದು ಮೇಡಂ, ಎಂದಳು ನಾಗವೇಣಿ.
ಗಿಡ ನೆಡುವುದು ಒಳ್ಳೆಯದು ಅಂತ ಕೇಳಿದೀರಿ. ಯಾವ ಗಿಡ?
ಜಲವಿದ್ಯುತ್ತು ಶುದ್ಧ ಅಂತ ಇದೆ. ಇರಬಹುದು.
ನಾನು ಪಿಯುಸಿ ತನಕ ಓದಿದ್ದು ಸೋಲಾರ್ ದೀಪದಲ್ಲಿ,
ಅದೂ ಮಳೆಗಾಲದಲ್ಲಿ ಏಳೂವರೆಗೆ ಆರಿಹೋಗೋದು.
ಇಪ್ಪತ್ಮೂರನೇದು ನೋಡಿ:
ಕಾಡು ಉಳಿಯಲು ಕಾಡೊಳಗಿನ ಊರು ಖಾಲಿಯಾಗಬೇಕು.
ನಮ್ಮಜ್ಜಂದಿರು ಶರಾವತಿ ಬದಿಯವರು.
ಲಿಂಗನಮಕ್ಕಿ ನೀರು ಹೊಸಿಲಿಗೆ ಬಂದಾಗ
ಲಾರಿಯಲ್ಲಿ ತಂದು ಶೆಟ್ಟಿಹಳ್ಳಿ ಕಡೆ ಇಳಿಸಿದರಂತೆ,
ಕಾಡು ಕಡಿದು ಊರು ಮಾಡ್ಕೊಳ್ಳಿ ಅಂದರಂತೆ.
ಈಗ ಊರು ಬಿಟ್ಟು ಕಾಡು ಮಾಡಿ ಅಂತಾರೆ.
ಎರಡು ಸಲಕ್ಕೂ ನಮ್ಮ ಕೈಗೆ ಯಾರೂ
ಚೌಕ ಕೊಟ್ಟಿರಲಿಲ್ಲ.

ಬೀಜ ಉಗಿದಳು. ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯಿತು.

ಪದ ಬಿಡಿಸಿ ನೋಡಿ ಮೇಡಂ. ತಟ ಅಂದ್ರೆ ದಡ.
ದಡದಲ್ಲಿ ನಿಂತೋರು ತಟಸ್ಥರು.
ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ
ನಮ್ಮಜ್ಜಿ ಹೋಗಿ ನಿಂತುಕೊಳ್ಳೋಳು,
ಅಗೋ ಬಾವಿಕಟ್ಟೆ, ಅಗೋ ಬಚ್ಚಲಕಲ್ಲು ಅಂತ.
ಅವಳಿಗೇನು ಅಭಿಪ್ರಾಯ ಇರಲಿಲ್ವಾ?

ಸೀಟಿಗೆ ಕರ್ಚೀಫು ಎಸೆದು ಹತ್ತಿಬಿಟ್ಟಳು.

ರಾತ್ರಿ ಕಂಪ್ಯೂಟರಿನಲ್ಲಿ ನೂರ ಎಂಬತ್ತೇಳನೇ ಸಾಲು ತೆರೆದು
ನಲವತ್ತು ಸಲ ಮೂರು ಒತ್ತಿದೆ.
ಅದಕ್ಕೆ ಗೊತ್ತಿರುವುದು ಒಂದರಿಂದ ಐದು.
ಅಲ್ಲಿಯತನಕ ಹಾಳೆಯ ಬೆನ್ನು ತಿರುವಿರಲಿಲ್ಲ ನಾನು.
ನೀರಿನ ಪ್ರಶ್ನೆ ಇದ್ದದ್ದು ಅಲ್ಲಿ.
ಮೊದಲ ಗೆರೆಯಲ್ಲಿ ದುಂಡು ಹಸಿರು ಅಕ್ಷರ:
ಗೊತ್ತಿಲ್ಲ, ಕೇಳಿಕೊಂಡು ಬಂದು ಬರೆಯುತ್ತೇನೆ.
ಉಳಿದೆರಡು ಗೆರೆ ಖಾಲಿ ಬಿಟ್ಟಿದ್ದಾಳೆ.
ಗಡುವಿಗೆ ಮೊದಲೇ
ಹಾಳೆ ವಾಪಸು ತಂದದ್ದು ನಾನು.